ಸಂಜೆಗೆ ದಡಕ್ಕೆ ಬರುವ ಡಾಲ್ಫಿನ್‌ಗಳು

ಬೇಲಿ ಇಲ್ಲ, ಕೊಳ ಇಲ್ಲ. ತೆರೆದ ಕಡಲಿನ ಕಾಡು ಡಾಲ್ಫಿನ್ ನಿಮ್ಮ ಕೈಯಿಂದ ಮೀನು ತಿನ್ನುತ್ತೆ! ಎಲ್ಲಿ ಗೊತ್ತಾ?

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೆರ್ರಿ ಹತ್ತಿದರೆ ಸುಮಾರು 75 ನಿಮಿಷಕ್ಕೆ ಮೋರ್ಟನ್ ದ್ವೀಪ. ಇದು ಕ್ವಾಂಡಮೂಕಾ ಜನರ ನೆಲ. ಅವರ ಪಾಲಿಗೆ ಇದು ಮುಲ್ಗಂಪಿನ್. ಇಲ್ಲಿನ ನೆಲ ಬಹುತೇಕ ಮರಳೇ!

ಹಗಲು ಮರಳುದಿಬ್ಬದಿಂದ ಹಲಗೆಯ ಮೇಲೆ ಜಾರಿ. ಮುಳುಗಿಸಿದ ಹಳೇ ಹಡಗುಗಳ ನಡುವೆ ಸ್ನಾರ್ಕೆಲಿಂಗ್ ಮಾಡಿ. ಕತ್ತಲಾಗುವ ಹೊತ್ತಿಗೆ ದ್ವೀಪದ ಟ್ಯಾಂಗಲೂಮಾ ದಡಕ್ಕೆ ಬನ್ನಿ; ಡಾಲ್ಫಿನ್‌ಗಳು ಬರೋದು ಅಲ್ಲಿಗೇ.

ಇದೇ ದಡದಲ್ಲಿ 1952ರಿಂದ 1962ರವರೆಗೆ ತಿಮಿಂಗಿಲ ಬೇಟೆಯ ಕೇಂದ್ರವಿತ್ತು. ಕೊಯ್ದ ತಿಮಿಂಗಿಲಗಳಿಂದ ಎಣ್ಣೆ ತೆಗೀತಿದ್ರು. 1992ರಲ್ಲಿ ಅದೇ ಜಾಗದಲ್ಲಿ ಡಾಲ್ಫಿನ್‌ಗಳಿಗೆ ಮೀನು ಕೊಡೋದು ಶುರುವಾಯ್ತು.

ಆದರೆ ನಿಯಮ ಕಟ್ಟುನಿಟ್ಟು. ಕೈ ಶುಚಿಯಾಗಿರಬೇಕು. ಡಾಲ್ಫಿನ್‌ ಮುಟ್ಟೋ ಹಾಗಿಲ್ಲ. ಕೊಡೋ ಮೀನು ದಿನದ ಆಹಾರದ ಒಂದು ಪಾಲು ಮಾತ್ರ; ಉಳಿದದ್ದನ್ನು ಅವೇ ಬೇಟೆಯಾಡಬೇಕು.

ಯಾಕೆ ಇಷ್ಟು ಬಿಗಿ? ಪಶ್ಚಿಮ ಆಸ್ಟ್ರೇಲಿಯಾದ ಮಂಕಿ ಮಿಯಾದಲ್ಲಿ ಹಿಂದೆ ಡಾಲ್ಫಿನ್‌ಗಳಿಗೆ ಹಿಡಿತವಿಲ್ಲದೆ ತಿನ್ನಿಸುತ್ತಿದ್ದರು. ತಾಯಂದಿರು ದಡದಲ್ಲೇ ಹೊತ್ತು ಕಳೆದರು, ಮರಿಗಳ ಆರೈಕೆ ತಪ್ಪಿತು, ಹೆಚ್ಚು ಮರಿಗಳು ಸತ್ತವು. 1990ರ ದಶಕದಲ್ಲಿ ನಿಯಮ ಬಿಗಿಯಾದ ಮೇಲೆ ಮರಿಗಳು ಉಳಿಯತೊಡಗಿದವು.

ಅನುಮತಿ ಪಡೆದ ಜಾಗ ಬಿಟ್ಟು ಬೇರೆಡೆ ಕಾಡು ಡಾಲ್ಫಿನ್‌ಗೆ ಆಹಾರ ಹಾಕೋದು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅಪರಾಧ.

ಹೋಗಿ, ನೋಡಿ, ಖುಷಿಪಡಿ. ಆದರೆ ಸಿಬ್ಬಂದಿ ಹೇಳಿದ್ದನ್ನು ತಪ್ಪದೆ ಪಾಲಿಸಿ. ನಮ್ಮ ಒಂದು ಫೋಟೊಗಿಂತ ಅವುಗಳ ಮರಿಗಳ ಜೀವ ದೊಡ್ಡದು.