ದೀಪ ಆರಿತು, ದೋಷ ಉಳಿಯಿತು

ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ಗ್ಯಾರೇಜುಗಳ ಮುಂದೆ ಕಾರುಗಳ ಸಾಲು. ಅದರಲ್ಲಿ ನಮ್ಮವರ ಕಾರುಗಳೂ ಇರುತ್ತವೆ. ಹಿಂಜೆವಾಡಿ, ಪಿಂಪ್ರಿ-ಚಿಂಚ್‌ವಡಗಳಲ್ಲಿ ಕೆಲಸ ಮಾಡುವ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಯ ಮಂದಿ ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಊರಿಗೆ ಹೊರಡುತ್ತಾರೆ. ಹಿಂದಿನ ದಿನ ಗಾಡಿ ಬಿಟ್ಟು, ‘ಸಂಜೆಗೆ ಬೇಕು’ ಎನ್ನುವವರೇ ಹೆಚ್ಚು. ‘ಹೋ ಜಾಯೇಗಾ ಸರ್’ ಎಂಬ ಉತ್ತರವೂ ಸಿದ್ಧ. ಅಷ್ಟರೊಳಗೆ ದುರಸ್ತಿ ಆಗದಿದ್ದರೂ ತೇಪೆಯಂತೂ ಆಗುತ್ತದೆ.

ತೇಪೆ ಹೇಗೆ ಬೆಳೆಯುತ್ತದೆ ನೋಡಿ. ಸಾಮಾನ್ಯ ಹ್ಯಾಲೊಜೆನ್ ಹೆಡ್‌ಲೈಟ್ ಬಲ್ಬ್ ಹೈ ಬೀಮ್‌ನಲ್ಲಿ 60 ವ್ಯಾಟ್‌ನದು. 12 ವೋಲ್ಟ್‌ನಲ್ಲಿ ಅದು ಎಳೆಯುವುದು 5 ಆಂಪಿಯರ್. ರಾತ್ರಿ ಬೆಳಕು ಸಾಲದೆಂದು 100 ವ್ಯಾಟ್‌ನ ಬಲ್ಬ್ ಹಾಕಿಸಿದರೆ ಅದು 8 ಆಂಪಿಯರ್ ದಾಟುತ್ತದೆ. ರಿಲೇ ಹಾಕದೆ, ಪ್ರತ್ಯೇಕ ವೈರಿಂಗ್ ಎಳೆಯದೆ, ಅದೇ ವೈರಿಗೆ ಫಾಗ್ ಲ್ಯಾಂಪನ್ನೂ ಸಿಕ್ಕಿಸಿದರೆ 10 ಆಂಪಿಯರ್‌ನ ಫ್ಯೂಸ್ ಪದೇ ಪದೇ ಸುಡುತ್ತದೆ. ಆಗ ಅದರ ಜಾಗಕ್ಕೆ 30 ಆಂಪಿಯರ್‌ನದು ಬರುತ್ತದೆ, ಇಲ್ಲವೇ ಒಂದು ತಾಮ್ರದ ಎಳೆ. ಮತ್ತೆ ಫ್ಯೂಸ್ ಸುಡುವುದಿಲ್ಲ. ಗಿರಾಕಿಯೂ ಖುಷಿ.

ಆದರೆ ವೈರ್ ಹಳೆಯದೇ. ಕರೆಂಟ್ ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಫ್ಯೂಸ್ ಇರುವುದೇ ವೈರಿಗಿಂತ ಮೊದಲು ತಾನು ಸುಡಲಿಕ್ಕೆ. ಅದನ್ನು ಬಲಪಡಿಸಿದರೆ ಸುಡುವ ಸರದಿ ವೈರಿನದು. ಅದು ಡ್ಯಾಶ್‌ಬೋರ್ಡಿನ ಹಿಂದೆ, ಪ್ಲಾಸ್ಟಿಕ್ಕು, ಬಟ್ಟೆಗಳ ನಡುವೆ ಹಾದು ಹೋಗಿರುತ್ತದೆ.

ಕಳೆದ ವರ್ಷ ಸಹೋದ್ಯೋಗಿಯೊಬ್ಬರು ಕೊಳ್ಳಲಿದ್ದ ಸೆಕೆಂಡ್ ಹ್ಯಾಂಡ್ ಕಾರನ್ನು ನೋಡಲು ಜೊತೆಗೆ ಹೋಗಿದ್ದೆ. ಬಣ್ಣ, ಎಂಜಿನ್, ಸೀಟು ಎಲ್ಲ ಚೆನ್ನಾಗಿತ್ತು. ಕೀ ತಿರುಗಿಸಿದಾಗ ಮೀಟರಿನ ಎಚ್ಚರಿಕೆ ದೀಪಗಳು ಕೆಲವು ಸೆಕೆಂಡ್ ಹೊತ್ತಿ ಆರಬೇಕು. ಏರ್‌ಬ್ಯಾಗ್‌ನ ದೀಪ ಮಾತ್ರ ಹೊತ್ತಲೇ ಇಲ್ಲ. ‘ಬಲ್ಬ್ ಹೋಗಿರಬೇಕು ಸರ್’ ಎಂದ ಮಾರುವವನು. ನಮಗೆ ಪರಿಚಯದ, ವಿಜಯಪುರ ಕಡೆಯ ಮೆಕ್ಯಾನಿಕ್ ಮೀಟರ್ ಬಿಚ್ಚಿದರೆ, ದೀಪದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್! ಕಿತ್ತ ಮೇಲೆ ದೀಪ ಹೊತ್ತಿತು, ಆರಲಿಲ್ಲ. ಅಂದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ದೋಷವಿದೆ, ಡಿಕ್ಕಿಯಾದರೆ ಅದು ಬಿಚ್ಚಿಕೊಳ್ಳುತ್ತದೆಂಬ ಭರವಸೆಯಿಲ್ಲ. ಎರಡು ರೂಪಾಯಿಯ ಟೇಪಿನಿಂದ ಆ ಸುದ್ದಿಯನ್ನೇ ಮುಚ್ಚಿಟ್ಟಿದ್ದರು. ಸಹೋದ್ಯೋಗಿಯ ಮಗಳಿಗೆ ಆಗ ನಾಲ್ಕು ವರ್ಷ. ಅವರು ಮುಂಗಡದ ಮಾತೆತ್ತದೆ ಹೊರಬಂದರು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಈ ಆಮಿಷವಿದೆ. ಎರರ್ ಬಂದರೆ ಕಾರಣ ಹುಡುಕುವುದಕ್ಕಿಂತ ಎರರ್ ಮೆಸೇಜನ್ನೇ ಅಳಿಸುವುದು ಸುಲಭ. ಆದರೆ ಕೋಡ್ ರಿವ್ಯೂನಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ. ಗ್ಯಾರೇಜಿನಲ್ಲಿ ರಿವ್ಯೂ ಮಾಡುವವರಿಲ್ಲ. ಬಿಲ್ ಕೊಟ್ಟು ಗಾಡಿ ತರುವ ನಾವೇ ಮಾಡಬೇಕು.

ಬ್ರೇಕ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಮೇಲಿಂದ ತುಂಬಿಸಿಬಿಟ್ಟರೆ ದೀಪ ಆರುತ್ತದೆ, ಕಾರಣ ಉಳಿಯುತ್ತದೆ. ಮೇಲಾಗಿ ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಮೆತ್ತಗೆ ನೆಲಕ್ಕೆ ತಾಗುತ್ತದೆ. ಊರಿಂದ ಮರಳುವಾಗ ಕಾತ್ರಜ್ ಹೊಸ ಸುರಂಗ ದಾಟಿದರೆ ನವಲೆ ಸೇತುವೆಯವರೆಗೆ ಸಿಗುವುದು ಅಪಘಾತಗಳಿಗೆ ಹೆಸರಾದ ಇಳಿಜಾರು. ಅಲ್ಲಿ ಹಳೇ ಆಯಿಲ್ ನಂಬಿ ಇಳಿಯುವಂತಿಲ್ಲ.

ಮೆಕ್ಯಾನಿಕ್‌ಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅದೇ ವಿಜಯಪುರದವರು ಹೇಳಿದ್ದು: ‘ವೈರಿಂಗ್ ಪೂರಾ ಚೆಕ್ ಮಾಡಬೇಕ್ರಿ, ಅರ್ಧ ದಿನಾ ಹಿಡಿತೈತಿ ಅಂದ್ರ, ಏ ಫ್ಯೂಸ್ ಅಷ್ಟ ಹಾಕಿ ಕೊಡಪಾ ಅಂತಾರ್ರಿ. ನಾ ಒಲ್ಲೆ ಅಂದ್ರ ಬಾಜೂ ಗ್ಯಾರೇಜಿಗೆ ಹೋಗ್ತಾರ.’ ದೋಷ ಹುಡುಕುವ ಸಮಯಕ್ಕೆ ಯಾರೂ ದುಡ್ಡು ಕೊಡದಿದ್ದರೆ, ದೋಷ ಮುಚ್ಚುವ ಕೈಚಳಕವೇ ವ್ಯಾಪಾರವಾಗುತ್ತದೆ.

ಹಾಗಾಗಿ ಹಬ್ಬಕ್ಕೆ ವಾರವಿರುವಾಗಲೇ ಗಾಡಿ ಕೊಡಿ. ‘ಸರಿಹೋಯಿತಾ?’ ಎಂಬುದರ ಜೊತೆಗೆ ‘ಯಾಕೆ ಹೋಗಿತ್ತು?’ ಎಂದೂ ಕೇಳಿ. ತೆಗೆದ ಹಳೇ ಭಾಗಗಳನ್ನು ತೋರಿಸಲು ಹೇಳಿ. ಫ್ಯೂಸ್ ಬಾಕ್ಸ್ ತೆರೆದು ಮುಚ್ಚಳದ ಅಥವಾ ಮ್ಯಾನ್ಯುಯಲ್‌ನ ಪಟ್ಟಿಗೆ ಹೋಲಿಸಿ. ಸಾಮಾನ್ಯ ಬ್ಲೇಡ್ ಫ್ಯೂಸ್‌ಗಳಲ್ಲಿ 10 ಆಂಪಿಯರ್‌ನದು ಕೆಂಪು, 15ರದು ನೀಲಿ, 20ರದು ಹಳದಿ, 30ರದು ಹಸಿರು. ಕೆಂಪು ಇರಬೇಕಾದಲ್ಲಿ ಹಸಿರು ಕಂಡರೆ ಗಾಡಿಯನ್ನು ಅಲ್ಲಿಯೇ ಬಿಟ್ಟು ಕಾರಣ ಹುಡುಕಿಸಿ. ಕೊನೆಗೆ ಕೀ ತಿರುಗಿಸಿ ಐದು ಸೆಕೆಂಡ್ ಮೀಟರ್ ನೋಡಿ. ಏರ್‌ಬ್ಯಾಗ್, ಎಬಿಎಸ್ ದೀಪಗಳು ಹೊತ್ತಿ ಆರಿದರೆ ಸರಿ. ಹೊತ್ತೇ ಉರಿದರೂ, ಹೊತ್ತದೇ ಇದ್ದರೂ ಊರಿನ ದಾರಿ ಹಿಡಿಯುವ ಮುನ್ನ ಮತ್ತೆ ಗ್ಯಾರೇಜಿಗೆ ಹೋಗಬೇಕು.