ವಯನಾಡಿನ ಬಸದಿಗಳ ದರ್ಶನ

ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೆಲ್ಲ ಮೈಸೂರಿನ ನೆಂಟರ ಮನೆಯಿಂದ ಹೊರಟು ಕೇರಳದ ವಯನಾಡಿಗೆ ಹೋಗಿದ್ದೆವು. ಎಡಕಲ್ ಗುಹೆ ನೋಡಿ, ಸುಲ್ತಾನ್ ಬತ್ತೇರಿಯ ಬಸದಿಯ ಮುಂದೆ ಫೋಟೋ ತೆಗೆಸಿಕೊಂಡು ಸಂಜೆಗೆ ಹಿಂತಿರುಗಿದೆವು. ವಿಷಯ ಕೇಳಿದ ಸೋದರಮಾವನವರು, "ದೇವರಿಲ್ಲದ ಗುಡಿ ನೋಡಿ, ದೇವರಿರುವ ಗುಡಿ ಬಿಟ್ಟು ಬಂದಿರಲ್ಲ!" ಎಂದರು. ಆ ಮಾತು ಮನಸ್ಸಿಗೆ ನಾಟಿತು. ಮುಂದಿನ ಚಳಿಗಾಲದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಮತ್ತೆ ಹೋದೆವು.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರದ ಕಾಡು, ಮುತ್ತಂಗ ದಾಟಿದರೆ ಸುಲ್ತಾನ್ ಬತ್ತೇರಿ. ಸುಮಾರು 115 ಕಿಲೋಮೀಟರ್ ದಾರಿ. ಊರಿನ ಹಳೆಯ ಹೆಸರು ಗಣಪತಿವಟ್ಟಂ. ನಮ್ಮ ಹಿರಿಯರು ಇದನ್ನು ಹನ್ನೆರಡು ಬೀದಿ ಎನ್ನುತ್ತಿದ್ದರು. ಒಂದು ಕಾಲಕ್ಕೆ ಇಲ್ಲಿ ಜೈನರ ಹನ್ನೆರಡು ಬೀದಿಗಳಿದ್ದವು ಎಂಬುದು ಹೇಳಿಕೆ. ಪೇಟೆಯ ನಡುವೆಯೇ ಇರುವ ಬಸದಿ ಪೂರ್ತಿ ಕಲ್ಲಿನದು. ವಿಜಯನಗರ ಶೈಲಿಯ ಕಟ್ಟಡ. ಮುಖಮಂಟಪ, ಮಹಾಮಂಟಪ, ಅರ್ಧಮಂಟಪ ದಾಟಿ ಗರ್ಭಗೃಹಕ್ಕೆ ಬಂದರೆ ಒಳಗೆ ಮೂರ್ತಿಯಿಲ್ಲ. ಬಾಗಿಲವಾಡದ ಮೇಲೆ ಮಾತ್ರ ಪದ್ಮಾಸನದ ಜಿನಬಿಂಬ ಉಳಿದಿದೆ.

ಪೂಜೆ ನಿಂತ ಮೇಲೆ ಇದು ವ್ಯಾಪಾರದ ಸ್ಥಳವಾಯಿತು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಮದ್ದುಗುಂಡು ಇಡಲು ಬಳಸಿತು. ಇಂಗ್ಲಿಷರು 'ಸುಲ್ತಾನನ ಬ್ಯಾಟರಿ' ಎಂದು ಬರೆದುಕೊಂಡರು, ಅದೇ ಬತ್ತೇರಿಯಾಯಿತು. ಅಹಿಂಸೆಯನ್ನು ಸಾರುವ ಮಂದಿರದಲ್ಲಿ ಮದ್ದುಗುಂಡು ತುಂಬಿತ್ತೆಂದು ಕೇಳಿ ನಮ್ಮ ಚಿಕ್ಕವಳು, "ಹಾಗಾದರೆ ದೇವರು ಎಲ್ಲಿ ಹೋದರು?" ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಇಂದು ಬಸದಿ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಆವರಣ ಚೊಕ್ಕಟವಾಗಿದೆ.

ಅಲ್ಲಿಂದ ಪನಮರಂ ಕಡೆಯ ಪುತ್ತಂಗಾಡಿಗೆ ಹೋದೆವು. ಇಲ್ಲಿ ಜನಾರ್ದನಗುಡಿ, ವಿಷ್ಣುಗುಡಿ ಎಂಬ ಎರಡು ಹಳೆಯ ಕಲ್ಲುಗುಡಿಗಳಿವೆ. ಹೆಸರು ಹೀಗಿದ್ದರೂ ಇವು ಮೂಲತಃ ಬಸದಿಗಳೆಂದು ಹಲವರ ಅಭಿಪ್ರಾಯ. ಕಂಬಗಳ ತುಂಬ ಕೆತ್ತನೆ. ಬಹುಕಾಲ ಪಾಳುಬಿದ್ದಿದ್ದ ಇವುಗಳನ್ನು 2015ರಲ್ಲಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳೆಂದು ಘೋಷಿಸಲಾಯಿತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಪುಳಿಯಾರ್‌ಮಲಕ್ಕೆ ಹೊರಟೆವು. ಇದು ಕಲ್ಪೆಟ್ಟಾದಿಂದ ಸುಮಾರು 6 ಕಿಲೋಮೀಟರ್. ಕಾಫಿ ತೋಟಗಳ ನಡುವೆ ಅನಂತನಾಥ ಸ್ವಾಮಿಯ ಬಸದಿ. ಗರ್ಭಗೃಹದಲ್ಲಿ ದೀಪ ಉರಿಯುತ್ತಿತ್ತು, ಅಭಿಷೇಕ ನಡೆದಿತ್ತು. ಹದಿನಾಲ್ಕನೆಯ ತೀರ್ಥಂಕರರ ಮುಂದೆ ಕೈಮುಗಿದು ಪಂಚನಮಸ್ಕಾರ ಹೇಳಿದಾಗ ಹಿಂದಿನ ದಿನದ ಭಾರ ಇಳಿದಂತಾಯಿತು. ಚಿಕ್ಕವಳು ಗಂಧೋದಕ ತೆಗೆದುಕೊಂಡು, "ದೇವರು ಇಲ್ಲಿದ್ದಾರೆ ಅಮ್ಮ" ಎಂದಳು.

ಅಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ನಮ್ಮ ಮಾತು ಕೇಳಿ, "ಎಲ್ಲಿಂದ ಬಂದ್ರಿ ಮಗಾ?" ಎಂದು ಕನ್ನಡದಲ್ಲೇ ವಿಚಾರಿಸಿದರು. ವಯನಾಡಿನ ಜೈನರು ಹಿಂದೆ ಕರ್ನಾಟಕದಿಂದ ಬಂದವರು. ಗೌಡರೆಂದು ಕರೆಸಿಕೊಳ್ಳುವ ಅನೇಕ ಮನೆತನಗಳು ಕಾಫಿ, ಮೆಣಸು ಬೆಳೆಯುತ್ತವೆ. ಲೇಖಕ, ರಾಜಕಾರಣಿ, 'ಮಾತೃಭೂಮಿ' ಪತ್ರಿಕೆಯ ಎಂ. ಪಿ. ವೀರೇಂದ್ರ ಕುಮಾರ್ (1936-2020) ಕಲ್ಪೆಟ್ಟಾದ ಇಂಥ ಮನೆತನದವರೇ. "ನಮಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಮೊಮ್ಮಕ್ಕಳಿಗೆ ಎರಡು ಕಡೆಯೂ ಮಲಯಾಳವೇ" ಎಂದು ಅಜ್ಜಿ ನಕ್ಕರು. ಮತ್ತೆ, "ಬಂದವರೆಲ್ಲ ಬತ್ತೇರಿಯಿಂದಲೇ ತಿರುಗಿ ಹೋಗ್ತಾರೆ. ನೀವು ಇಲ್ಲಿವರೆಗೆ ಬಂದಿರಲ್ಲ" ಎಂದರು. ನಮಗೆ ಮೊದಲ ಪ್ರವಾಸ ನೆನಪಾಗಿ ತಲೆ ತಗ್ಗಿತು.

ವೆಣ್ಣಿಯೋಡಿನಲ್ಲಿ ಶಾಂತಿನಾಥ, ಪಾಲುಕುನ್ನಿನಲ್ಲಿ ಪಾರ್ಶ್ವನಾಥ, ವರದೂರಿನಲ್ಲಿ ಅನಂತನಾಥ, ಮಾನಂದವಾಡಿಯಲ್ಲಿ ಆದೀಶ್ವರ ಸ್ವಾಮಿಯ ಬಸದಿಗಳಿವೆ. ಎಲ್ಲವನ್ನೂ ನೋಡಲು ಎರಡು ದಿನ ಸಾಲದು. ನಮಗೆ ವೆಣ್ಣಿಯೋಡು ಮಾತ್ರ ಸಾಧ್ಯವಾಯಿತು.

ಹೋಗುವವರಿಗೆ ಎರಡು ಮಾತು. ಬಂಡೀಪುರದ ಕಾಡಿನ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಹೊರಡುವ ನಮ್ಮವರಿಗೆ ಇದೇನು ಕಷ್ಟವಲ್ಲ. ಜೋರು ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಕಡೆ ಗುಡ್ಡ ಕುಸಿದು ನೂರಾರು ಜನ ತೀರಿಕೊಂಡ ದುಃಖವನ್ನು ಈ ಜಿಲ್ಲೆ ಕಂಡಿದೆ.

ಬತ್ತೇರಿಯ ಕಲ್ಲುಗಳನ್ನು ಸರ್ಕಾರ ಕಾಯುತ್ತದೆ. ಪುಳಿಯಾರ್‌ಮಲದ ದೀಪವನ್ನು ಕಾಯುವವರು ಅಲ್ಲಿಯ ಶ್ರಾವಕರು. ಮೊದಲನೆಯದನ್ನು ಅವಶ್ಯವಾಗಿ ನೋಡಿ, ಎರಡನೆಯದನ್ನು ಬಿಟ್ಟು ಬರಬೇಡಿ. ಅಲ್ಲಿಯ ಹಿರಿಯರೊಡನೆ ನಾಲ್ಕು ಮಾತು ಕನ್ನಡದಲ್ಲಿ ಆಡಿ ಬನ್ನಿ. ಅವರಿಗೂ ಸಂತೋಷ, ನಮ್ಮ ಮಕ್ಕಳಿಗೂ ಪಾಠ.