ನಿಮಗಿದು ಗೊತ್ತೆ? ಮೀಸೆ ಚಿಗುರುವಾಗಲೇ ‘ಹಿರಿಯ’!

ಕ್ರೈಸ್ತ ಮೂಲದ ಮಾರ್ಮನ್ ಪಂಥದ ಪ್ರಚಾರಕ್ಕೆ ಹೊರಟ 18ರ ಹುಡುಗನನ್ನೂ ಕರೆಯುವುದು ‘ಎಲ್ಡರ್’ ಎಂದೇ. ಅಂದರೆ ಹಿರಿಯ! ಎದೆಯ ಮೇಲಿನ ಕಪ್ಪು ಫಲಕದಲ್ಲೂ ಅದೇ, ಜೊತೆಗೆ ಮನೆತನದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರಿಗೆ ಎರಡು ವರ್ಷ ರಜೆ. ಊರು ಅವನ ಆಯ್ಕೆಯಲ್ಲ, ಜೊತೆಗಾರನೂ ಅಲ್ಲ. ಹೊಸ ಜಾಗಕ್ಕೆ ಕಾಲಿಟ್ಟಾಗ ಅಲ್ಲಿ ಪಳಗಿದ ಇನ್ನೊಬ್ಬ ಹುಡುಗನೇ ಗುರು. ಆಮೇಲೆ ಸ್ನಾನದ ಮನೆಯಂಥ ಕಡೆ ಬಿಟ್ಟರೆ ಇಬ್ಬರೂ ಅಗಲುವಂತಿಲ್ಲ. ಸಂಬಳವಂತೂ ಇಲ್ಲವೇ ಇಲ್ಲ.

ಮನೆಯ ನೆನಪಾದರೆ? 2019ರ ಫೆಬ್ರುವರಿವರೆಗೆ ಫೋನ್ ಮಾಡಲು ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಸಲ ಅವಕಾಶ: ಕ್ರಿಸ್‌ಮಸ್‌ಗೆ, ಅಮ್ಮಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಅಂದಹಾಗೆ, ಈ ಪಂಥದ ಮಿಷನ್ ಬೆಂಗಳೂರಿನಲ್ಲೂ 1993ರಿಂದ ಇದೆ.